ಪಾನಾ ಹಿಡಿಯುವ ಗಾಡಿಗಳು

ತೆಲಂಗಾಣದ ರಾಯಿಕೋಡಿನ ಯಾವುದೇ ದೊಡ್ಡ ಮನೆಯ ಅಂಗಳಕ್ಕೆ ಹೋಗಿ, ಮೂರು ನಾಲ್ಕು ತರಹದ ನಂಬರ್ ಪ್ಲೇಟು ಕಣ್ಣಿಗೆ ಬೀಳುತ್ತವೆ. ಹಳೆಯ ಟ್ರ್ಯಾಕ್ಟರಿಗೆ ಎಪಿ 23, ಅಂದರೆ ಆಂಧ್ರಪ್ರದೇಶದ ಮೆದಕ ಜಿಲ್ಲೆ. ತೆಲಂಗಾಣ ಹುಟ್ಟಿದ ಮೇಲೆ ಕೊಂಡ ಬೈಕಿಗೆ ಟಿಎಸ್ 15. 2024ರ ಮಾರ್ಚ್‌ನಿಂದೀಚೆಗೆ ಬಂದ ಗಾಡಿಗೆ ಟಿಜಿ 15. ಬೀದರಿನಿಂದ ಅಳಿಯ ಬಂದಿದ್ದರೆ ಅವನ ಕಾರಿಗೆ ಕೆಎ 38. ಈಗ ಪ್ಲೇಟಿನ ಬಣ್ಣವೂ ಬದಲಾಗತೊಡಗಿದೆ. ವಿದ್ಯುತ್ ಗಾಡಿಗಳಿಗೆ ಹಸಿರು ಪ್ಲೇಟು. ಬಾಡಿಗೆಗೆ ಓಡುವುದಾದರೆ ಹಸಿರಿನ ಮೇಲೆ ಹಳದಿ ಅಕ್ಷರ. ಜಹೀರಾಬಾದ್ ಬಸ್ ಸ್ಟ್ಯಾಂಡಿನ ಎದುರು ಇಂಥ ಆಟೋಗಳು ಸಾಲಾಗಿ ನಿಲ್ಲುವುದನ್ನು ನೋಡುತ್ತ, ಇದು ನಮ್ಮ ಸೀಮೆಗೆ ಎಷ್ಟನೆಯ ಸಲದ ಹೊಸ ಕಾಲ ಅಂತ ಲೆಕ್ಕ ಹಾಕುತ್ತಿರುತ್ತೇನೆ.

ನಾನು ಹುಟ್ಟಿದ್ದು ರಾಯಿಕೋಡಿನಲ್ಲಿ, ಹೊಟ್ಟೆ ಹೊರೆದದ್ದು ಜಹೀರಾಬಾದಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಗಿರಾಕಿ ಜೊತೆ ದಖನಿ, ಸಾಮಾನಿನ ಹೆಸರು ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ: ಕ್ಲಚ್ ಪ್ಲೇಟು, ಬೇರಿಂಗು, ನೋಝಲ್ಲು. ಗಾಡಿಗಳ ಹುಚ್ಚು ಚಿಕ್ಕಂದಿನಿಂದಲೂ ಇದೆ. ಆದರೆ ಶೋರೂಮಿನಲ್ಲಿ ನಿಂತು ಗಾಡಿ ನೋಡುವವನ ಕಣ್ಣು ಬೇರೆ, ಅದು ಮುರಿದ ಮೇಲೆ ನೋಡುವವನ ಕಣ್ಣು ಬೇರೆ. ನನ್ನದು ಎರಡನೆಯದು.

ನಮ್ಮ ಹೈದರಾಬಾದ್ ಸಂಸ್ಥಾನದ ಕಾರುಗಳ ಕಥೆಯನ್ನು ಎಲ್ಲರೂ ನಿಜಾಮರ ಹಳದಿ ರೋಲ್ಸ್ ರಾಯ್ಸ್‌ನಿಂದ ಶುರು ಮಾಡುತ್ತಾರೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಸಿಂಹಾಸನದ ಹಾಗೆ ಎತ್ತರದ ಆಸನ ಇಟ್ಟು ಕಟ್ಟಲು ಹೇಳಿದ ಸಿಲ್ವರ್ ಘೋಸ್ಟ್ ಅದು. ಇಂಗ್ಲೆಂಡಿನ ಬಾರ್ಕರ್ ಕಂಪನಿ ಅದಕ್ಕೆ ಮೈ ಕಟ್ಟಿತು. ಗಾಡಿ 1912ರದ್ದು, ಹೇಳಿದ ದೊರೆ 1911ರಲ್ಲೇ ತೀರಿಕೊಂಡಿದ್ದರು. ಮೆರವಣಿಗೆಗೆ ಮಾತ್ರ ಹೊರಬಂದ ಆ ಕಾರು ಒಟ್ಟು ಓಡಿದ್ದು ಕೆಲವೇ ನೂರು ಮೈಲಿ. ಇವತ್ತು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಗಾಜಿನಾಚೆ ನಿಂತಿದೆ.

ಅದೇ 1912ರಲ್ಲಿ ಅಮೆರಿಕದಲ್ಲಿ ಬೇರೊಂದು ಘಟನೆ ನಡೆಯಿತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಅದಕ್ಕೂ ಮುಂಚೆ ಪೆಟ್ರೋಲ್ ಕಾರಿಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಆ ಕಷ್ಟ ಇಲ್ಲವೆಂದೇ ಪೇಟೆಯ ಜನ ಬ್ಯಾಟರಿ ಕಾರು ಕೊಳ್ಳುತ್ತಿದ್ದರು. ಲಂಡನ್ನಿನಲ್ಲಿ 1897ರಲ್ಲೇ ವಾಲ್ಟರ್ ಬರ್ಸಿಯ ಬ್ಯಾಟರಿ ಟ್ಯಾಕ್ಸಿಗಳು ಓಡಾಡಿದ್ದವು. ಪೆಟ್ರೋಲ್ ಕಾರಿನೊಳಗೆ ಒಂದು ಸಣ್ಣ ವಿದ್ಯುತ್ ಮೋಟರು ಸೇರಿಕೊಂಡದ್ದೇ, ದೊಡ್ಡ ಮೋಟರಿನ ಕಾರುಗಳ ಕಾಲ ಇಳಿಯತೊಡಗಿತು. ವಿದ್ಯುತ್ ಕಾರು ನಾಳಿನ ಸರಕು ಅಂತ ಹುಡುಗರು ಹೇಳಿದಾಗ, ಅದು ನಿನ್ನೆಯದೂ ಹೌದು, ಒಮ್ಮೆ ಸೋತು ಮತ್ತೆ ಬಂದಿದೆ ಅನ್ನುತ್ತೇನೆ. ಯಾಕೆ ಸೋತಿತು ಅಂತ ಗೊತ್ತಿದ್ದವರಿಗೆ ಈ ಸಲ ಏನು ಕೇಳಬೇಕು ಅಂತಲೂ ಗೊತ್ತಿರುತ್ತದೆ.

ರಾಜರ ಕಾರಿನಿಂದ ನಮ್ಮ ಊರುಗಳಿಗೆ ಏನೂ ಆಗಲಿಲ್ಲ. ಆದದ್ದು ಬಸ್ಸಿನಿಂದ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯೇ ರಸ್ತೆ ಸಾರಿಗೆಗೂ ಕೈ ಹಾಕಿತು: 27 ಬಸ್ಸು, 166 ನೌಕರರು. ಸರ್ಕಾರವೇ ಬಸ್ಸು ಓಡಿಸುವ ಪದ್ಧತಿಯಲ್ಲಿ ದೇಶಕ್ಕೇ ಮೊದಲಿನದು. ಮೊದಮೊದಲ ಬಸ್ಸುಗಳಲ್ಲಿ ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು ಹೆಸರಾದವು. ತೆಲಂಗಾಣದ ಸರ್ಕಾರಿ ಬಸ್ಸಿನ ನಂಬರಿನಲ್ಲಿ ಇವತ್ತಿಗೂ ಝೆಡ್ ಅಕ್ಷರ ಇರುತ್ತದಲ್ಲ, ಅದು ಏಳನೆಯ ನಿಜಾಮರು ತಾಯಿ ಜಹ್ರಾ ಬೇಗಂ ಹೆಸರಿನಲ್ಲಿ ಉಳಿಸಿದ್ದು ಅಂತ ನಮ್ಮ ಡ್ರೈವರುಗಳು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ವಿಕಾರಾಬಾದಿನಿಂದ ಜಹೀರಾಬಾದಿನ ಮೇಲೆ ಬೀದರಿಗೆ ಹೋಗುವ ರೈಲು, ರೈಲು ಮುಟ್ಟದ ಊರಿಗೆ ಬಸ್ಸು, ಬಸ್ಸು ಮುಟ್ಟದ ಊರಿಗೆ ಎತ್ತಿನ ಬಂಡಿ: ವ್ಯವಸ್ಥೆ ಇಷ್ಟೇ, ಆದರೆ ಒಂದಕ್ಕೊಂದು ಕೊಂಡಿ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾದಾಗ ದೇಶದ ಎಷ್ಟೋ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸಿದರು. ಇಂಧನ ಬದಲಾಗುವುದು ನಮ್ಮ ರಸ್ತೆಗಳಿಗೆ ಹೊಸ ಸಂಗತಿಯಲ್ಲ.

1942ರಲ್ಲಿ ನಿಜಾಮ್ ಸರ್ಕಾರದ ಕೈಗಾರಿಕಾ ನಿಧಿ ಮತ್ತು ಅಲ್ಲಾದೀನ್ ಮನೆತನದ ಕಂಪನಿ ಸೇರಿ ಹೈದರಾಬಾದಿನಲ್ಲಿ ಆಲ್ವಿನ್ ಮೆಟಲ್ ವರ್ಕ್ಸ್ ತೆರೆದವು. ಕಬ್ಬಿಣದ ಸಾಮಾನು, ಬಸ್ಸಿನ ಬಾಡಿ, ಮುಂದೆ ಫ್ರಿಜ್ಜು, ಕೈಗಡಿಯಾರ, ಪುಷ್ಪಕ್ ಸ್ಕೂಟರು. ನಮ್ಮ ಸೀಮೆಯ ಮದುವೆಗಳಲ್ಲಿ ಆಲ್ವಿನ್ ಗಡಿಯಾರ ಕೊಟ್ಟರೆ ಬೀಗರಿಗೆ ಸಮಾಧಾನ. ಈ ಆಲ್ವಿನ್ ಹೆಸರು ಮುಂದೆ ಜಹೀರಾಬಾದಿಗೂ ಬರಲಿತ್ತು.

ಅಷ್ಟರಲ್ಲಿ 1956ರ ನವೆಂಬರ್ 1 ಬಂತು. ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಆಂಧ್ರಪ್ರದೇಶಕ್ಕೆ ಹೋದವು. ಗುಲ್ಬರ್ಗಾದ ತಾಂಡೂರು, ಕೊಡಂಗಲ್ ಕೂಡ ಹೋದವು. ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಎರಡೂ ಕಡೆಯವರು ಮೊದಲಿನಂತೆಯೇ ಬಂದರು. ಗಾಡಿಗಳಿಗೆ ಮಾತ್ರ ಪರ್ಮಿಟ್ಟು, ತೆರಿಗೆ, ಚಿರಾಗ್‌ಪಲ್ಲಿಯ ಚೆಕ್‌ಪೋಸ್ಟು. ಜಿಎಸ್‌ಟಿ ಬರುವ ತನಕ, ಅಂದರೆ 2017ರ ತನಕ, ಪುಣೆ ರಸ್ತೆಯ ಲಾರಿಗಳು ಅಲ್ಲಿ ಕಾಗದ ತೋರಿಸಲು ಸಾಲುಗಟ್ಟುತ್ತಿದ್ದವು. ಆ ಸಾಲಿನಿಂದಲೇ ಎಷ್ಟೋ ಪಂಚರ್ ಅಂಗಡಿ, ಚಹಾ ಹೋಟೆಲು, ನಮ್ಮಂಥ ಪಾರ್ಟ್ಸ್ ಅಂಗಡಿಗಳು ಬದುಕಿದವು.

ನಮ್ಮ ರಸ್ತೆಯನ್ನು ಆಳಿದ ಗಾಡಿಗಳನ್ನು ನೆನೆಸಿಕೊಂಡರೆ ಒಂದು ಸಂಗತಿ ಸ್ಪಷ್ಟ. ಚೆಂದದ್ದು ಆಳಲಿಲ್ಲ, ಬಿಚ್ಚಲು ಬರುವಂಥದ್ದು ಆಳಿತು. ಮಹೀಂದ್ರಾ 1947ರಿಂದ ಜೋಡಿಸಿದ ವಿಲ್ಲಿಸ್ ಜೀಪು, ಅದರ ಮಗ ಕಮಾಂಡರು, ಆಮೇಲಿನ ಟ್ರಾಕ್ಸು, ಕ್ರೂಸರು. ನಾರಾಯಣಖೇಡದ ತಾಂಡಾಗಳಿಗೆ ಬಸ್ಸು ಹೋಗದ ಕಾಲದಲ್ಲಿ ಜೀಪಿನ ಬಾನೆಟ್ಟಿನ ಮೇಲೂ ಜನ ಕೂತು ಹೋದದ್ದನ್ನು ಕಂಡವನು ನಾನು. ಅದು ಕಾನೂನಲ್ಲ, ಕ್ಷೇಮವೂ ಅಲ್ಲ. ಆದರೆ ಆ ಭಾರಕ್ಕೆ ಕಮಾನು ಪಟ್ಟಾ ಮುರಿದರೆ ರಸ್ತೆ ಬದಿಯಲ್ಲೇ ಜಾಕು ಕೊಟ್ಟು, ಹೊಸ ಪಟ್ಟಾ ಹಾಕಿ, ಯು ಬೋಲ್ಟು ಬಿಗಿದು ಸಂಜೆಯೊಳಗೆ ಓಡಿಸುತ್ತಿದ್ದರು. ತಾಂಡೂರಿನ ಫರಸಿ ಕಲ್ಲು ಹೊತ್ತ ಲಾರಿಗಳು, ಕಬ್ಬಿನ ಟ್ರ್ಯಾಕ್ಟರುಗಳು, ಹಸಿ ಶುಂಠಿ ತುಂಬಿದ ಟೆಂಪೋಗಳು, ಯಾವುದಕ್ಕೂ ಇದೇ ನಿಯಮ. ಜೀಪು, ಅಂಬಾಸಿಡರು, ಲಾರಿ, ಎಲ್ಲದರ ಮುಂದೀಪವೂ ಏಳು ಇಂಚಿನ ಗುಂಡು ದೀಪ. ನನ್ನ ಅಂಗಡಿಯಲ್ಲಿ ಒಂದೇ ಡಬ್ಬಿ ಸಾಕಿತ್ತು.

ಎಂಬತ್ತರ ದಶಕದ ನಡುವೆ ಜಹೀರಾಬಾದಿಗೆ ಜಪಾನ್ ಬಂತು. ದೆಹಲಿ ಸರ್ಕಾರ ಹಗುರ ಲಾರಿಗಳಿಗೆ ಜಪಾನಿನ ತಂತ್ರಜ್ಞಾನ ತರಲು ಒಪ್ಪಿಗೆ ಕೊಟ್ಟಿತ್ತು. ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಡಿಸಿಎಂ ಟೊಯೋಟಾ, ಮಧ್ಯಪ್ರದೇಶದ ಪೀತಂಪುರದಲ್ಲಿ ಐಶರ್ ಮಿತ್ಸುಬಿಷಿ, ಪಂಜಾಬಿನಲ್ಲಿ ಸ್ವರಾಜ್ ಮಜ್ದಾ, ನಮ್ಮಲ್ಲಿ ಆಲ್ವಿನ್ ನಿಸ್ಸಾನ್. ಇಲ್ಲಿ ತಯಾರಾದದ್ದು ಕ್ಯಾಬ್‌ಸ್ಟಾರ್. ಮೂತಿಯಿಲ್ಲದ ಚಪ್ಪಟೆ ಮುಖ, ಮೆತ್ತಗಿನ ಸ್ಟೇರಿಂಗು, ಮುಂದಕ್ಕೆ ಮಗುಚುವ ಕ್ಯಾಬಿನ್ನು. ಟಾಟಾ ಲಾರಿ ಓಡಿಸಿ ತೋಳು ಗಟ್ಟಿ ಮಾಡಿಕೊಂಡಿದ್ದ ಡ್ರೈವರುಗಳಿಗೆ ಅದು ಆಟಿಕೆ ಅನ್ನಿಸಿತು, ಆದರೆ ಒಳಗೊಳಗೇ ಆಸೆಯೂ ಹುಟ್ಟಿತು. ಊರಿನ ಹುಡುಗರು ಫ್ಯಾಕ್ಟರಿ ಗೇಟಿನೊಳಗೆ ಹೋಗಿ ಜಪಾನಿ ಪದ್ಧತಿಯಲ್ಲಿ ಬೋಲ್ಟು ಬಿಗಿಯುವುದು ಕಲಿತರು.

ಆಮೇಲೆ ನಡೆದದ್ದನ್ನು ಇವತ್ತಿನ ವಿದ್ಯುತ್ ಕಾರಿನ ಭಕ್ತರು ಓದಲೇಬೇಕು. ಈ ಗಾಡಿಗಳ ಮುಖ್ಯ ಭಾಗಗಳು ಜಪಾನಿನಿಂದ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಯೆನ್ ಲೆಕ್ಕದಲ್ಲಿ. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳು ಕೂತು ಡಾಲರಿನ ಬೆಲೆ ಇಳಿಸಲು ಒಪ್ಪಂದ ಮಾಡಿಕೊಂಡವು. ಯೆನ್ ಗಗನಕ್ಕೇರಿತು. ಅಲ್ಲಿ ಹಾಕಿದ ಒಂದು ಸಹಿಗೆ ಇಲ್ಲಿ ನಮ್ಮ ಪುಣೆ ರಸ್ತೆಯ ಫ್ಯಾಕ್ಟರಿಯ ಲೆಕ್ಕ ತಲೆಕೆಳಗಾಯಿತು. ಅದೇ ಹೊತ್ತಿಗೆ, 1986ರಲ್ಲಿ, ಟಾಟಾ ಕಂಪನಿ ತಾನೇ ರೂಪಿಸಿದ 407 ತಂದಿತು. ಜಪಾನಿಯಷ್ಟು ನಯ ಇರಲಿಲ್ಲ ಅದಕ್ಕೆ. ಆದರೆ ಬೆಲೆ ರೂಪಾಯಿಯಲ್ಲಿತ್ತು, ಪಾರ್ಟು ಊರೂರಿನಲ್ಲಿ ಸಿಗುತ್ತಿತ್ತು, ಮಿಸ್ತ್ರಿಗೆ ಅದರ ಹೊಟ್ಟೆ ಮೊದಲೇ ಪರಿಚಯ. ನಾಲ್ಕು ಜಪಾನಿ ಜೋಡಿಗಳಲ್ಲಿ ಭಾಗಗಳನ್ನು ಇಲ್ಲೇ ಮಾಡಿಕೊಳ್ಳಲು ಕಲಿತ ಐಶರ್, ಸ್ವರಾಜ್ ಉಳಿದವು. ಟೊಯೋಟಾ ಜೋಡಿ ಮುರಿದು ಅವರ ಫ್ಯಾಕ್ಟರಿ ತೊಂಬತ್ತರ ದಶಕದಲ್ಲಿ ದೇವೂ ಕೈಗೆ ಹೋಯಿತು. ಜಹೀರಾಬಾದಿನದನ್ನು ಮಹೀಂದ್ರಾ ಕೊಂಡಿತು.

ಹೊಸ ಒಡೆಯರ ಕೈಯಲ್ಲಿ ಆ ಫ್ಯಾಕ್ಟರಿ ಮುಚ್ಚಲಿಲ್ಲ, ಬೆಳೆಯಿತು. 2013ರಲ್ಲಿ ಪಕ್ಕದಲ್ಲೇ ಟ್ರ್ಯಾಕ್ಟರ್ ಘಟಕ ತೆರೆಯಿತು. 2015ರಲ್ಲಿ ಜೀತೋ ಎಂಬ ಪುಟ್ಟ ಸರಕು ಗಾಡಿ ಇಲ್ಲಿಂದಲೇ ಹೊರಬಂತು. ಇಡೀ ದೇಶದ ಗಲ್ಲಿಗಳಲ್ಲಿ ತರಕಾರಿ, ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು ಹೊರುವ ಆ ಗಾಡಿ ನಮ್ಮ ಊರಿನದು ಅಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. 2023ರಲ್ಲಿ ಇನ್ನೊಂದು ಘೋಷಣೆ ಬಂತು: ಜಹೀರಾಬಾದಿನಲ್ಲಿ ವಿದ್ಯುತ್ ಮೂರು ಗಾಲಿ, ನಾಲ್ಕು ಗಾಲಿ ಗಾಡಿಗಳಿಗೆಂದು ಮಹೀಂದ್ರಾ 1,000 ಕೋಟಿ ರೂಪಾಯಿ ಹಾಕಲಿದೆ. ಹೀಗಾಗಿ ವಿದ್ಯುತ್ ಗಾಡಿಯ ಚರ್ಚೆ ನಮಗೆ ದೂರದ್ದಲ್ಲ, ಮಕ್ಕಳ ನೌಕರಿಯ ಪ್ರಶ್ನೆ.

ಕನ್ನಡ ನಾಡಿನಲ್ಲಿ ಈ ದಾರಿಯನ್ನು ಮೊದಲು ತುಳಿದದ್ದು ಬೆಂಗಳೂರಿನ ರೇವಾ. ಚೇತನ್ ಮೈನಿ ಅವರ ಕಂಪನಿ 2001ರಲ್ಲಿ ಮಾರಾಟಕ್ಕೆ ತಂದ ಆ ಪುಟ್ಟ ಕಾರನ್ನು ಕಂಡು ನಕ್ಕವರೇ ಹೆಚ್ಚು. ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟು, ಒಂದು ಸಲ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ. ಲಂಡನ್ನಿನಲ್ಲಿ ಜೀ-ವಿಜ್ ಹೆಸರಿನಲ್ಲಿ ಅದು ಪೇಟೆ ಓಡಾಟಕ್ಕೆ ಮೆಚ್ಚುಗೆಯಾಯಿತು. ನಮ್ಮಲ್ಲಿ ಕಾರೆಂದರೆ ಇಡೀ ಸಂಸಾರ ತಿರುಪತಿಗೆ ಹೋಗಿಬರಬೇಕು, ಆದ್ದರಿಂದ ಸೋತಿತು. ನಾನು ಅದನ್ನು ಬೆಂಗಳೂರಿನಲ್ಲಿ ಮೊದಲು ನೋಡಿದಾಗ ಇಣುಕಿದ್ದು ಸೀಟಿನ ಕೆಳಗೆ. ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಒಂದು ಕೆಟ್ಟರೆ ಯಾವುದು ಕೆಟ್ಟಿದೆ ಅಂತ ಮೀಟರು ಹಿಡಿದು ಹೇಳಬಹುದಿತ್ತು. ವಿನ್ಯಾಸವೆಂದರೆ ನನಗೆ ಇದು. 2010ರಲ್ಲಿ ಮಹೀಂದ್ರಾ ರೇವಾವನ್ನು ತನ್ನದಾಗಿಸಿಕೊಂಡಿತು. 2018ರಲ್ಲಿ ಅಲ್ಲಿಂದ ಬಂದ ಟ್ರಿಯೋ ಆಟೋಗೆ 7.37 ಕಿಲೋವ್ಯಾಟ್ ಅವರ್‌ನ ಲಿಥಿಯಂ ಬ್ಯಾಟರಿ. ರೇವಾ ಕಾರಾಗಿ ಸೋತದ್ದನ್ನು ಅದರ ವಿದ್ಯೆ ಆಟೋ ಆಗಿ ಗೆದ್ದಿತು.

ಗೆಲ್ಲಲು ಕಾರಣ ಸರಳ. ನಮ್ಮ ಟಂಟಂ ಆಟೋ ದಿನಕ್ಕೆ ಓಡುವುದು ಗೊತ್ತಾದ ದಾರಿ: ಸ್ಟ್ಯಾಂಡಿನಿಂದ ಊರು, ಊರಿನಿಂದ ಸ್ಟ್ಯಾಂಡು. ರಾತ್ರಿ ಮನೆ ಮುಂದೆ ನಿಲ್ಲುತ್ತದೆ, ಚಾರ್ಜಿಗೆ ಬೇರೆ ಜಾಗ ಹುಡುಕಬೇಕಿಲ್ಲ. 2023ರಲ್ಲಿ ಭಾರತ ಚೀನಾವನ್ನು ಹಿಂದಿಕ್ಕಿ ವಿದ್ಯುತ್ ಮೂರು ಗಾಲಿ ಗಾಡಿಗಳ ಮಾರಾಟದಲ್ಲಿ ಜಗತ್ತಿಗೇ ಮೊದಲಾಯಿತು. ದೊಡ್ಡ ಪೇಟೆಗಳ ದೊಡ್ಡ ಕಾರುಗಳ ಸುದ್ದಿಯ ನಡುವೆ ಈ ಮಾತು ಎಷ್ಟು ಜನರ ಕಿವಿಗೆ ಬಿತ್ತೋ.

ಇಂಥ ಆಟೋ ಕೊಂಡ ನಮ್ಮೂರಿನ ಹುಡುಗನೊಬ್ಬ ಅಂಗಡಿಗೆ ಬಂದು ಕೂತು ಚಹಾ ಕುಡಿಯುತ್ತ ಹೇಳಿದ: “ಕಾಕಾ, ಇದಕ್ಕ ಆಯಿಲ್ ಬ್ಯಾಡ, ಫಿಲ್ಟರ್ ಬ್ಯಾಡ, ಕ್ಲಚ್ ವಾಯರ್ ಬ್ಯಾಡ. ಇನ್ನ ನಿಮ್ಮ ಅಂಗಡಿಗಿ ನಾ ಯಾಕ ಬರ್ಲಿ?”

“ಚಹಾಕ್ಕ ಬಾರಪಾ,” ಅಂದೆ. “ಬ್ರೇಕ್ ಶೂ, ಟಾಯರು, ಬೇರಿಂಗು ಎಲ್ಲಿ ಹೋಗ್ತಾವ? ರಸ್ತಾ ಹಂಗೇ ಅದಲ್ಲ!”

ನಗುತ್ತಲೇ ಹೇಳಿದೆ, ಆದರೆ ಲೆಕ್ಕ ನನಗೂ ಗೊತ್ತು. ವಿದ್ಯುತ್ ಗಾಡಿ ಹೆಚ್ಚಿದಷ್ಟೂ ನನ್ನ ಕಪಾಟಿನ ಅರ್ಧ ಸಾಮಾನು ಧೂಳು ತಿನ್ನುತ್ತದೆ: ನೋಝಲ್ಲು, ಗ್ಯಾಸ್ಕೆಟ್ಟು, ಫ್ಯಾನ್ ಬೆಲ್ಟು, ಸೈಲೆನ್ಸರು. ಬ್ರೇಕ್ ಶೂ ಕೂಡ ಕಡಿಮೆ ಸವೆಯುತ್ತದೆ, ಯಾಕೆಂದರೆ ಆಕ್ಸಲರೇಟರು ಬಿಟ್ಟಾಗ ಮೋಟರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟು ವಾಪಸು ಕೊಡುತ್ತದೆ. ಇಷ್ಟಾದರೂ ನಾನು ಮೋಟರಿನ ವಿರೋಧಿಯಲ್ಲ. ಡೀಸೆಲ್ ಇಂಜಿನ್ನಿಗಿಂತ ಸರಳವಾದ ಯಂತ್ರ ಅದು. ಒಳಗೆ ತಿರುಗುವುದು ಒಂದು ರೋಟರು. ಜಮೀನಿನ ಬೋರ್‌ವೆಲ್ಲಿನ ಮೋಟರು ಸುಟ್ಟರೆ ವೈಂಡಿಂಗ್ ಕಟ್ಟಿಕೊಡುವ ಕೈಗಳು ಜಹೀರಾಬಾದಿನಲ್ಲಿ ಎಷ್ಟು ಬೇಕಾದರೂ ಇವೆ.

ನನ್ನ ಜಗಳ ಇರುವುದು ಮುಚ್ಚಿದ ಡಬ್ಬಿಯ ಜೊತೆ. ಒಮ್ಮೆ ಪರಿಚಯದವರ ವಿದ್ಯುತ್ ಸ್ಕೂಟರು ನಡುದಾರಿಯಲ್ಲಿ ನಿಂತಿತು. ಬ್ಯಾಟರಿ ಚೆನ್ನಾಗಿದೆ, ಮೋಟರು ಚೆನ್ನಾಗಿದೆ. ನಡುವಿನ ಕಂಟ್ರೋಲರು ಮಾತು ಕೇಳುತ್ತಿಲ್ಲ. ತೆರೆದು ನೋಡೋಣವೆಂದರೆ ಒಳಗೆ ಪೂರ್ತಿ ಅಂಟು ತುಂಬಿ ಗಟ್ಟಿ ಮಾಡಿದ್ದಾರೆ. ನೀರು, ಧೂಳು ಹೋಗದಿರಲಿ ಅಂತ ಮಾಡಿದ್ದು, ಒಪ್ಪುತ್ತೇನೆ. ಆದರೆ ಯಾವ ಕೋಡಿಗೆ ಯಾವ ರೋಗ ಅಂತ ಹೇಳುವ ಲ್ಯಾಪ್‌ಟಾಪು ಕಂಪನಿಯ ಹತ್ತಿರ ಮಾತ್ರ. ಗಾಡಿಯನ್ನು ಟೆಂಪೋಗೆ ಹೇರಿ ಹೈದರಾಬಾದಿಗೆ ಕಳಿಸಿದರು. ನೂರು ಕಿಲೋಮೀಟರು, ಒಂದು ಡಬ್ಬಿಗಾಗಿ. ಯೆನ್ ಲೆಕ್ಕದ ಪೆಟ್ಟಿಗೆಗಳ ಕಥೆ ನನಗೆ ನೆನಪಾದದ್ದು ಆಗಲೇ. ಇವತ್ತು ಬ್ಯಾಟರಿಯ ಸೆಲ್ಲುಗಳು ಬಹುಪಾಲು ಚೀನಾದಿಂದ ಬರುತ್ತವೆ. ಬೇರೆ ಕಡೆ ಯಾರೋ ಹಾಕುವ ಸಹಿಗೆ ಇಲ್ಲಿನ ಲೈನು ನಿಲ್ಲುವ ಅಪಾಯ ಹೋಗಿಲ್ಲ, ದೇಶ ಬದಲಾಗಿದೆ ಅಷ್ಟೇ.

ಇನ್ನು ಹೊಸ ಕಾರುಗಳ ರೂಪದ ಮಾತು. ಎಲ್ಲ ಕಾರೂ ಒಂದೇ ತರಹ ಕಾಣುತ್ತವೆ ಅಂತ ಜನ ದೂರುತ್ತಾರೆ. ಅದಕ್ಕೆ ಕಾರಣವಿದೆ. ಬ್ಯಾಟರಿ ನೆಲದಡಿ ಹಾಸುವುದರಿಂದ ನೆಲ ಮೇಲೇರುತ್ತದೆ, ಕಾರು ದಪ್ಪ ಕಾಣುತ್ತದೆ. ಆ ದಪ್ಪ ಮುಚ್ಚಲು ದೊಡ್ಡ ಗಾಲಿ. ಗಾಳಿಯ ತಡೆ ಕಡಿಮೆಯಾದಷ್ಟು ಒಂದೇ ಚಾರ್ಜಿಗೆ ದೂರ ಹೋಗಬಹುದು, ಆದ್ದರಿಂದ ಹಿಂದಕ್ಕೆ ಜಾರುವ ಮಾಡು, ಮುಚ್ಚಿದ ಮುಖ, ಬಾಗಿಲಿನೊಳಗೆ ಅಡಗಿದ ಹಿಡಿಕೆ. ಲೆಕ್ಕ ಸರಿಯೇ. ಆದರೆ ಹಿಂದಿನ ಸೀಟಿನಲ್ಲಿ ಪಟಗಾ ಸುತ್ತಿದ ನಮ್ಮ ಮುತ್ಯಾ ಕೂತರೆ ತಲೆ ಮಾಡಿಗೆ ಬಡಿಯುತ್ತದೆ. ಮಾರುತಿ 800ರ ಗಾಲಿ 12 ಇಂಚಿನದು, ಸುತ್ತ ದಪ್ಪ ರಬ್ಬರು. ಈಗ 18, 19 ಇಂಚಿನ ಅಲಾಯ್ ಗಾಲಿ. ಗಾಲಿ ದೊಡ್ಡದಾದಷ್ಟೂ, ಅದಕ್ಕೆ ಹೋಲಿಸಿದರೆ, ಸುತ್ತಲಿನ ರಬ್ಬರು ತೆಳ್ಳಗಾಗುತ್ತ ಬಂದಿದೆ. ಮಳೆಗಾಲದಲ್ಲಿ ರಾಯಿಕೋಡ್ ರಸ್ತೆಯ ಒಂದು ಗುಂಡಿ ಸಾಕು ರಿಮ್ಮು ಸೀಳಲು. ಗುಂಡು ದೀಪದ ಜಾಗದಲ್ಲಿ ಅಂಚಿನಿಂದ ಅಂಚಿಗೆ ಎಲ್‌ಇಡಿ ಪಟ್ಟಿ. ಬಲ್ಬು ಹೋದರೆ ಬಲ್ಬು ಬದಲಿಸುವ ಕಾಲ ಮುಗಿದು ದೀಪದ ಇಡೀ ಮನೆಯನ್ನೇ ಬದಲಿಸಬೇಕು.

ಎಲ್ಲಕ್ಕಿಂತ ನನಗೆ ಸೇರದಿರುವುದು ಪರದೆ. ಎಸಿಯ ಗಾಳಿ ಏರಿಸಲೂ ರಸ್ತೆಯಿಂದ ಕಣ್ಣು ತೆಗೆದು ಪರದೆಯಲ್ಲಿ ಬೆರಳಾಡಿಸಬೇಕೆಂದರೆ ಅದು ಯಾವ ಸುಧಾರಣೆ? ಗುಂಡಿ ಒತ್ತಿದರೆ ಬೆರಳಿಗೇ ಗೊತ್ತಾಗುತ್ತಿತ್ತು. ಇದು ಹಳ್ಳಿಯವನ ಗೊಣಗಾಟ ಅನ್ನುವವರಿಗೆ ಒಂದು ಸುದ್ದಿ: ಯುರೋಪಿನ ಸುರಕ್ಷತಾ ಪರೀಕ್ಷೆ ನಡೆಸುವ ಯುರೋ ಎನ್‌ಕ್ಯಾಪ್, 2026ರಿಂದ ಇಂಡಿಕೇಟರು, ಅಪಾಯದ ದೀಪ, ಹಾರ್ನು, ವೈಪರು, ತುರ್ತು ಕರೆ, ಇವಕ್ಕೆ ನಿಜವಾದ ಗುಂಡಿಗಳಿಲ್ಲದ ಕಾರಿಗೆ ಪೂರ್ತಿ ಅಂಕ ಸಿಗದಂತೆ ನಿಯಮ ಮಾಡಿತು. ನಿಜಾಮರ ಹಳದಿ ಕಾರಿನ ಎತ್ತರದ ಆಸನವೂ ನೋಡುವವರಿಗಾಗಿ ಇದ್ದದ್ದು, ಓಡಿಸುವವನಿಗಾಗಿ ಅಲ್ಲ. ಆ ರೋಗ ನೂರು ವರ್ಷದ್ದು.

ಹಾಗಂತ ಹಳೆಯದೆಲ್ಲ ಬಂಗಾರ ಅನ್ನುವವನಲ್ಲ ನಾನು. ಕಮಾಂಡರು ಮಗುಚಿದಾಗ ಒಳಗಿದ್ದವರಿಗೆ ಏನಾಗುತ್ತಿತ್ತು ಅಂತ ಕಂಡಿದ್ದೇನೆ. ಸೀಟ್ ಬೆಲ್ಟಿಲ್ಲ, ಏರ್‌ಬ್ಯಾಗಿಲ್ಲ, ಸ್ಟೇರಿಂಗಿನ ಕಂಬ ನೇರ ಎದೆಗೆ. 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಗಿದೆ. ಕೊಳ್ಳುವವರು ಮೈಲೇಜಿನ ಜೊತೆ ಸ್ಟಾರು ಎಷ್ಟು ಅಂತಲೂ ಕೇಳುತ್ತಿದ್ದಾರೆ. ಅದು ಹೊಸ ಕಾಲದ ದೊಡ್ಡ ಲಾಭ. ಡೀಸೆಲ್ ಹೊಗೆಯಲ್ಲಿ ಆಯುಷ್ಯ ಕಳೆದ ಮಿಸ್ತ್ರಿಗಳ ಕೆಮ್ಮು ಕೇಳಿದವನಿಗೆ ವಿದ್ಯುತ್ ಗಾಡಿಯ ಲಾಭವನ್ನೂ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಗಳು ತಮ್ಮ ಪಾಲಿನದನ್ನು ತೆರಿಗೆಯಲ್ಲಿ ಮಾಡುತ್ತಿವೆ. ಕರ್ನಾಟಕ 2017ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ವಿದ್ಯುತ್ ವಾಹನ ನೀತಿ ತಂದಿತು. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ತೆರಿಗೆ ಹಾಕಿತು. ತೆಲಂಗಾಣ ಅದೇ ವರ್ಷದ ನವೆಂಬರಿನಲ್ಲಿ ವಿದ್ಯುತ್ ಗಾಡಿಗಳ ರಸ್ತೆ ತೆರಿಗೆ, ನೋಂದಣಿ ಶುಲ್ಕ ಮಾಫಿ ಮಾಡಿತು. ಗಡಿಯ ಎರಡೂ ಬದಿ ನೆಂಟರಿರುವ ನಮ್ಮಲ್ಲಿ ಯಾವ ಕಡೆ ಗಾಡಿ ಕೊಳ್ಳಬೇಕೆಂಬ ಚರ್ಚೆ ಮದುವೆ ಮಾತುಕತೆಯಷ್ಟೇ ಹೊತ್ತು ನಡೆಯುತ್ತದೆ. ಆದರೆ ಮಾಫಿ ಒಂದು ದಿನದ್ದು, ರಿಪೇರಿ ಹತ್ತು ವರ್ಷದ್ದು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದು ಅದರಲ್ಲಿ ವಾಹನಗಳನ್ನೂ ಕೃಷಿ ಯಂತ್ರಗಳನ್ನೂ ಸೇರಿಸಿತು. ಆ ಹಕ್ಕು ಪೋರ್ಟಲಿನಿಂದ ಇಳಿದು ಗ್ಯಾರೇಜಿನ ತನಕ ಬರಬೇಕು.

ಜಹೀರಾಬಾದಿನಿಂದ ಹೊರಡುವ ವಿದ್ಯುತ್ ಗಾಡಿಗಳಿಂದ ನನಗೆ ಬೇಕಾದದ್ದು ದೊಡ್ಡದೇನಲ್ಲ. ಬ್ಯಾಟರಿ ಭಾಗ ಭಾಗವಾಗಿ ಬಿಚ್ಚಬೇಕು; ಒಂದು ಭಾಗ ಕೆಟ್ಟರೆ ಅಷ್ಟನ್ನೇ ಬದಲಿಸುವಂತಿರಬೇಕು. ರೋಗದ ಕೋಡು ಓದುವ ಯಂತ್ರ ಯಾವ ಗ್ಯಾರೇಜಿಗಾದರೂ ದುಡ್ಡು ಕೊಟ್ಟರೆ ಸಿಗಬೇಕು. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಕಾವು ತಾಳುವ ಕಬ್ಬಿಣ-ಫಾಸ್ಫೇಟ್ ಸೆಲ್ಲುಗಳೇ ಇರಲಿ. ದೀಪ ಬದಲಿಸಲು ಸಾಮಾನ್ಯ ಪಾನಾ ಸಾಕಾಗಬೇಕು. ಐಟಿಐ ಕಲಿತ ಹುಡುಗ ಹೆಚ್ಚು ವೋಲ್ಟಿನ ವಾಯರು ಮುಟ್ಟುವ ಮೊದಲು ಏನು ಆಫ್ ಮಾಡಬೇಕು ಅಂತ ತಿಳಿದಿರಬೇಕು, ಅದನ್ನು ಕಂಪನಿಯೇ ಕಲಿಸಬೇಕು. ಇಷ್ಟು ಮಾಡಿದರೆ ನನ್ನ ಕಪಾಟಿನಿಂದ ನೋಝಲ್ಲು, ಗ್ಯಾಸ್ಕೆಟ್ಟು ತೆಗೆದು ಸೆಲ್ಲು, ಕನೆಕ್ಟರು, ಫ್ಯೂಜು ಜೋಡಿಸಲು ನಾನು ತಯಾರು. ಮಾಡದಿದ್ದರೆ ಕ್ಯಾಬ್‌ಸ್ಟಾರಿನ ಗತಿ ಮತ್ತೆ ಬರುತ್ತದೆ: ನಯವಾದ ಗಾಡಿ, ಒಳ್ಳೆಯ ಗಾಡಿ, ಆದರೆ ಅದನ್ನು ಸೋಲಿಸಲು ಎಲ್ಲೋ ಒಬ್ಬ ಒರಟು 407 ತಯಾರಿಸುತ್ತಿರುತ್ತಾನೆ. ನಾನು ಆ ಎರಡನೆಯವನ ಪಾರ್ಟ್ಸೇ ಮಾರುತ್ತೇನೆ.